ಹಂಚಿನ ಬೆನ್ನಿನ ಬರಹ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಚರಿತ್ರೆ ಎಂದೊಡನೆ ನಮ್ಮ ವಿದ್ಯಾರ್ಥಿವೃಂದದ ಕಣ್ಣೆದುರು ನಿಲ್ಲುವುದು ಅರಸರು, ಕಾಳಗಗಳು, ಕಲ್ಲಿನ ಶಾಸನಗಳು. ವರ್ಷಕ್ಕೊಮ್ಮೆ ಪ್ರವಾಸ ಹೊರಟರೆ ಬಸ್ಸು ತಿರುಗುವುದು ಬೇಲೂರು, ಹಳೇಬೀಡು, ಹಂಪೆಗಳ ಕಡೆಗೇ. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ದೂರದ ಶಾಸನವನ್ನು ನೋಡಲು ಹೋಗುವ ನಾವು ನಮ್ಮ ತಲೆಯ ಮೇಲೆಯೇ ಇರುವ ಬರಹವನ್ನು ಒಮ್ಮೆಯಾದರೂ ಓದಿದ್ದೇವೆಯೆ? ನಮ್ಮ ಮಂಗಳೂರು ಸೀಮೆಯ ಹಳೆಯ ಮನೆಯ ಮಾಡಿನಿಂದ ಒಂದು ಹಂಚನ್ನು ಕೆಳಗಿಳಿಸಿ, ಧೂಳು ಒರಸಿ, ಬೆನ್ನು ತಿರುವಿ ನೋಡಿರಿ. ಕಾರ್ಖಾನೆಯ ಹೆಸರು, ಊರಿನ ಹೆಸರು, ಕೆಲವೊಮ್ಮೆ ಒಂದು ಇಸವಿ ಅಲ್ಲಿ ಅಚ್ಚೊತ್ತಿರುತ್ತವೆ. ಮಣ್ಣಿನಲ್ಲಿ ಬರೆದು ಬೆಂಕಿಯಲ್ಲಿ ಸುಟ್ಟ ಈ ಶಾಸನಗಳು ಲಕ್ಷಗಟ್ಟಲೆ ಇದ್ದುವು. ಇಂದು ಹಳೆಯ ಮನೆಯೊಂದು ಕೆಡವಲ್ಪಟ್ಟಾಗಲೆಲ್ಲ ಅವು ಲಾರಿಗಳಲ್ಲಿ ಹೋಗಿ ಹೊಂಡಗಳಿಗೆ ಬೀಳುತ್ತಿವೆ.

ನಮ್ಮ ಊರಿನ ಹಂಚಿನ ಕಾರ್ಖಾನೆಗಳ ಒಲೆಗಳು ಒಂದೊಂದಾಗಿ ಆರಿಹೋಗಿವೆ. ಅವುಗಳ ಚರಿತ್ರೆಯೂ ಅವುಗಳೊಂದಿಗೆ ಆರಿಹೋಗಬಾರದು. ಅದನ್ನು ಬರೆದಿಡುವ ಕೆಲಸವನ್ನು ದೂರದ ವಿದ್ವಾಂಸರಿಗೆ ಬಿಡದೆ ನಮ್ಮಂತಹ ಸರಕಾರಿ ಕಾಲೇಜಿನ ವಿದ್ಯಾರ್ಥಿಗಳು ಕೈಗೆತ್ತಿಕೊಳ್ಳಬೇಕು. ಈ ಲೇಖನದಲ್ಲಿ ನಾನು ಹೇಳಹೊರಟ ಮಾತು ಇಷ್ಟೆ. ಯಾಕೆ ನಾವೇ ಎಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಸಂಗತಿಗಳನ್ನು ನೋಡೋಣ. ಸ್ವಿಜರ್ಲೆಂಡಿನ ಬಾಸೆಲ್ ಪಟ್ಟಣದ ಮಿಷನ್ ಸಂಘದವರು ಮಂಗಳೂರಿಗೆ ಬಂದುದು 1834ರಲ್ಲಿ. ‘ಮಂಗಳೂರು ಸಮಾಚಾರ’ ಪತ್ರಿಕೆ, ಕಿಟ್ಟೆಲರ ನಿಘಂಟು ಮುಂತಾದುವುಗಳಿಂದ ಕನ್ನಡಿಗರಿಗೆ ಈ ಸಂಘದ ಪರಿಚಯ ಚೆನ್ನಾಗಿಯೇ ಇದೆ. ಅವರ ಮತವನ್ನು ಸ್ವೀಕರಿಸಿದವರಲ್ಲಿ ಹೆಚ್ಚಿನವರು ಬಿಲ್ಲವರು. ಮತ ಬದಲಾದೊಡನೆ ಕುಲಕಸುಬು ಕೈಬಿಟ್ಟಿತು, ಬಂಧುಗಳು ದೂರವಾದರು, ಗೇಣಿಯ ಭೂಮಿಯೂ ಅನೇಕರಿಗೆ ತಪ್ಪಿತು. ದೇವರ ವಾಕ್ಯವನ್ನು ಕೊಟ್ಟವರು ಊಟದ ದಾರಿಯನ್ನೂ ತೋರಿಸಬೇಕಾಯಿತು. ಹೀಗೆ ಮಿಷನಿನ ಉದ್ಯೋಗಶಾಲೆಗಳು ಹುಟ್ಟಿದುವು. ಮುದ್ರಣ, ನೇಯ್ಗೆ, ಬಡಗಿ ಕೆಲಸ, ಗಡಿಯಾರದ ಕೆಲಸ ಎಂದು ಒಂದಾದ ಮೇಲೊಂದು ಪ್ರಯತ್ನ ನಡೆಯಿತು. ಕೆಲವು ನಿಂತುವು, ಕೆಲವು ಬಿದ್ದುವು.

ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ಎಂಬವರಿಗೆ ಯಂತ್ರಗಳ ಜ್ಞಾನವಿತ್ತು. ನಮ್ಮ ನದಿಗಳ ದಡದ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ನಾನಾ ಪರೀಕ್ಷೆಗಳನ್ನು ಮಾಡಿ 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ, ಮೋರ್ಗನ್ಸ್ ಗೇಟಿನ ಬಳಿ, ಅವರು ಹಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಆರಂಭದಲ್ಲಿ ಮಣ್ಣು ಅರೆಯುವುದಕ್ಕೆ ಎತ್ತುಗಳೇ ಗತಿ. ಉಗಿಯಂತ್ರ ಬಂದುದು ಆಮೇಲೆ. ಬೇಡಿಕೆ ಬೆಳೆದಂತೆ ಮಿಷನಿನವರು 1882ರಲ್ಲಿ ಕುದ್ರೋಳಿಯಲ್ಲಿಯೂ 1886ರಲ್ಲಿ ಮಲ್ಪೆಯಲ್ಲಿಯೂ ಕಾರ್ಖಾನೆಗಳನ್ನು ತೆರೆದರು. ಮಲಬಾರಿನ ಕಡೆಗೂ ಈ ಉದ್ಯಮ ಹಬ್ಬಿತು. ಊರವರೂ ಸುಮ್ಮನೆ ನೋಡುತ್ತ ಕೂರಲಿಲ್ಲ. ಅಲ್ಬುಕರ್ಕ್ ಮನೆತನದವರ ಹಂಚಿನ ಮೇಲೆ 1868 ಎಂಬ ಇಸವಿಯನ್ನು ಕಾಣಬಹುದು. ಮುಂದೆ ನಾನಾ ಮತದ, ನಾನಾ ಜಾತಿಯ ವ್ಯಾಪಾರಸ್ಥರು ಈ ಕೆಲಸಕ್ಕೆ ಇಳಿದು, ನೇತ್ರಾವತಿ ಮತ್ತು ಗುರುಪುರ ನದಿಗಳ ದಡಗಳಲ್ಲಿ ಹೊಗೆಕೊಳವೆಗಳ ಸಾಲೇ ಎದ್ದಿತು.

ಈ ಹಂಚಿನ ಮಾದರಿ ನಮ್ಮ ನೆಲದಲ್ಲಿ ಹುಟ್ಟಿದುದಲ್ಲ. ಒಂದರೊಳಗೊಂದು ಕಚ್ಚಿ ಕೂರುವ ಹಂಚಿಗೆ ಆಲ್ಸೇಸಿನ ಗಿಲಾರ್ದೊನಿ ಸಹೋದರರು 1841ರಲ್ಲಿಯೇ ಹಕ್ಕುಪತ್ರ ಪಡೆದಿದ್ದರು. ಫ್ರಾನ್ಸಿನಲ್ಲಿ ಅದು ಮಾರ್ಸೇಲ್ ಹಂಚೆಂದು ಹೆಸರಾಯಿತು. ಅದೇ ಬುದ್ಧಿ ಸಮುದ್ರ ದಾಟಿ ಇಲ್ಲಿಗೆ ಬಂದು, ನಮ್ಮ ಮಣ್ಣು, ನಮ್ಮ ಮಳೆ, ನಮ್ಮ ಕೈಗಳು ಕೂಡಿ ‘ಮಂಗಳೂರು ಹಂಚು’ ಎಂಬ ಹೆಸರನ್ನು ಪಡೆಯಿತು. ಇಂದಿಗೂ ಭಾರತೀಯ ಮಾನಕ ಸಂಸ್ಥೆಯ ಪುಸ್ತಕದಲ್ಲಿ ಈ ಜಾತಿಯ ಹಂಚಿಗೆ ‘ಮಂಗಳೂರು ಮಾದರಿ’ ಎಂದೇ ಹೆಸರು. ಒಂದು ಊರಿನ ಹೆಸರು ಒಂದು ವಸ್ತುವಿನ ಹೆಸರಾಗಿ ದೇಶವಿಡೀ ಸಲ್ಲುವುದು ಸಣ್ಣ ಮಾತಲ್ಲ.

ಘಟ್ಟದ ಮೇಲಿನ ಊರುಗಳಲ್ಲಿ ಜೇಡಿಮಣ್ಣೆಂದರೆ ಮೊದಲು ನೆನಪಾಗುವುದು ಇಟ್ಟಿಗೆ. ನಮ್ಮಲ್ಲಿ ಹಾಗಲ್ಲ. ನೆಲ ಅಗೆದರೆ ಮುರಕಲ್ಲು ಸಿಗುವ ಈ ಕರಾವಳಿಯಲ್ಲಿ ಗೋಡೆಗೆ ಇಟ್ಟಿಗೆಯ ಹಂಗು ಅಷ್ಟಾಗಿ ಇರಲಿಲ್ಲ. ನಮ್ಮ ಕಷ್ಟವಿದ್ದುದು ಮಾಡಿನಲ್ಲಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಬಡವನ ಮನೆಗೆ ಮುಳಿಹುಲ್ಲು ಇಲ್ಲವೆ ತೆಂಗಿನ ಮಡಲು. ಪ್ರತಿ ವರ್ಷವೂ ಮಳೆಗಾಲಕ್ಕೆ ಮುಂಚೆ ಹೊಸ ಹುಲ್ಲು ಹೊದಿಸಬೇಕು. ಒಂದು ವರ್ಷ ಕೈಯಲ್ಲಿ ಕಾಸಿಲ್ಲದೆ ಹೋದರೆ ಆಷಾಢದ ರಾತ್ರಿ ಪಾತ್ರೆಗಳನ್ನೆಲ್ಲ ಸೋರುವ ಜಾಗಕ್ಕೆ ಇಟ್ಟು ಮೂಲೆಯಲ್ಲಿ ಮುದುಡಿ ಕೂರಬೇಕು. ಬೇಸಗೆಯಲ್ಲಿ ಬೆಂಕಿಯ ಭಯ ಬೇರೆ. ಕುಂಬಾರರು ಕೈಯಿಂದ ಮಾಡುತ್ತಿದ್ದ ನಾಡಹಂಚು ಇತ್ತೆಂಬುದು ನಿಜ. ಅದು ಎಲ್ಲರ ಪಾಲಿಗೆ ಒದಗುವಂತಹುದಾಗಿರಲಿಲ್ಲ. ನೆರೆಯ ಮಲಬಾರಿನಲ್ಲಂತೂ ಮನೆಗೆ ಹಂಚು ಹೊದಿಸುವುದಕ್ಕೆ ಅರಸರ ಅಪ್ಪಣೆ ಬೇಕಾಗಿದ್ದ ಕಾಲವೊಂದಿತ್ತು.

ಇಂತಹ ಸೀಮೆಗೆ ಕಾರ್ಖಾನೆಯ ಹಂಚು ಬಂದಾಗ ಏನಾಯಿತೆಂಬುದನ್ನು ನಾವು ಊಹಿಸಿಕೊಳ್ಳಬೇಕು. ಪಕ್ಕಾಸು, ರೀಪುಗಳ ಮೇಲೆ ಗಾರೆಯಿಲ್ಲದೆ, ಮೊಳೆಯಿಲ್ಲದೆ ಸುಮ್ಮನೆ ಜೋಡಿಸಿದರೆ ಸಾಕು. ಒಂದರ ತುಟಿ ಇನ್ನೊಂದರ ಕಾಲುವೆಯಲ್ಲಿ ಕೂತು ನೀರನ್ನು ಕೆಳಗೆ ಹರಿಸುತ್ತದೆ. ಒಂದು ಒಡೆದರೆ ಅದೊಂದನ್ನೇ ಬದಲಾಯಿಸಬಹುದು. ಸಂದಿನಿಂದ ಅಡುಗೆಮನೆಯ ಹೊಗೆ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುತ್ತದೆ. ಬೆಳಕು ಬೇಕಾದಲ್ಲಿ ಒಂದು ಗಾಜಿನ ಹಂಚು. ಮುಳಿಮನೆ, ಹಂಚಿನ ಮನೆ, ತಾರಸಿ ಮನೆ ಎಂಬ ಮೂರು ಮಾತುಗಳಲ್ಲಿ ನಮ್ಮ ಜಿಲ್ಲೆಯ ಸಂಸಾರಗಳ ಎರಡು ನೂರು ವರ್ಷಗಳ ಏಳುಬೀಳು ಅಡಗಿದೆ ಎಂದರೆ ಅತಿಶಯೋಕ್ತಿಯಾಗದು. ‘ಅವರದು ಹಂಚಿನ ಮನೆ’ ಎಂಬ ಒಂದು ಮಾತಿನಿಂದ ಹೆಣ್ಣು ಕೊಡುವವರ ಮನಸ್ಸು ಸಮಾಧಾನಗೊಳ್ಳುತ್ತಿದ್ದ ಕಾಲವನ್ನು ನಮ್ಮ ಅಜ್ಜಿಯಂದಿರು ಬಲ್ಲರು.

ಇನ್ನು ಈ ಹಂಚನ್ನು ಮಾಡಿದವರ ಸಂಗತಿ. ಮಳೆ ಬರುವ ಮುಂಚೆ ಗದ್ದೆಗಳಿಂದ, ಹೊಳೆಬದಿಯಿಂದ ಜೇಡಿಯನ್ನು ತೋಡಿ ತಂದು ರಾಶಿ ಹಾಕಬೇಕು. ಅದನ್ನು ಹದಕ್ಕೆ ಬರಿಸಿ, ಕಲ್ಲು ಬೇರುಗಳನ್ನು ತೆಗೆದು, ಅರೆದು, ಬಿಲ್ಲೆ ಬಿಲ್ಲೆಯಾಗಿ ಕೊಯ್ಯಬೇಕು. ಬಿಲ್ಲೆಯನ್ನು ಅಚ್ಚಿನ ನಡುವೆ ಇಟ್ಟು ಒತ್ತಬೇಕು. ಅಂಚಿನಲ್ಲಿ ಮಿಕ್ಕ ಮಣ್ಣನ್ನು ಸವರಬೇಕು. ನೆರಳಿನಲ್ಲಿ ಹಲವು ದಿನ ಒಣಗಿಸಬೇಕು. ಅವಸರಪಟ್ಟು ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಒಣಗಿದ್ದನ್ನು ಒಲೆಯೊಳಗೆ ಜೋಡಿಸಿ, ಹಗಲೂ ರಾತ್ರಿಯೂ ಕಟ್ಟಿಗೆ ಒಟ್ಟಿ ಸುಡಬೇಕು. ಬಿಸಿ ಪೂರ್ತಿ ಆರುವ ಮುಂಚೆಯೇ ಒಳಗೆ ಹೋಗಿ ಹೊರಗೆ ತರಬೇಕು. ಕೊನೆಗೆ ಬೆರಳಿನಿಂದ ಬಡಿದು ನೋಡಬೇಕು. ಗಂಟೆಯಂತೆ ಧ್ವನಿ ಬಂದರೆ ಒಳ್ಳೆಯದು, ಮಂಕಾಗಿ ಕೇಳಿದರೆ ಎರಡನೆಯ ದರ್ಜೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ವಾಚಕರ ಮುಂದಿಡುತ್ತೇನೆ. ಒಂದು ಚದರ ಮೀಟರು ಮಾಡಿಗೆ ಸುಮಾರು 15 ಹಂಚು ಬೇಕು. 100 ಚದರ ಮೀಟರಿನ ಒಂದು ಸಾಧಾರಣ ಮನೆಗೆ 1,500 ಹಂಚು. ಅಚ್ಚಿನಿಂದ ಹಲಗೆಗೆ, ಹಲಗೆಯಿಂದ ಒಣಗುವ ಅಟ್ಟಕ್ಕೆ, ಅಟ್ಟದಿಂದ ಒಲೆಗೆ, ಒಲೆಯಿಂದ ಹೊರಗೆ, ಅಲ್ಲಿಂದ ರಾಶಿಗೆ, ರಾಶಿಯಿಂದ ದೋಣಿಗೆ ಅಥವಾ ಗಾಡಿಗೆ, ಹೀಗೆ ಕಡಿಮೆಯೆಂದರೂ ಆರು ಸಲ ಪ್ರತಿಯೊಂದು ಹಂಚನ್ನೂ ಮನುಷ್ಯನ ಕೈ ಎತ್ತಿ ಇಳಿಸಿದೆ. ಎಂದರೆ ಒಂದು ಮನೆಯ ಮಾಡಿನ ಹಿಂದೆ 9,000 ಸಲ ಎತ್ತಿ ಇಳಿಸಿದ ದುಡಿಮೆ ಇದೆ. ಹಂಚೊಂದು ಎರಡೂವರೆ ಕಿಲೋ ತೂಗುತ್ತದೆಂದು ಹಿಡಿದರೆ ಒಟ್ಟು 22,500 ಕಿಲೋ ಆಯಿತು. ಈ ಕೈಗಳಲ್ಲಿ ಬಹುಪಾಲು ಹೆಂಗಸರ ಕೈಗಳಿದ್ದುವು. ತಲೆಯ ಮೇಲೆ ಮಣ್ಣು ಹೊತ್ತವರು, ಹಸಿ ಹಂಚಿನ ಅಂಚು ಸವರಿದವರು, ಒಲೆಯ ಬಾಯಿಯಿಂದ ಸಾಲಾಗಿ ನಿಂತು ಸಾಗಿಸಿದವರು ಅವರು. ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರಿದೆ, ಒಡೆಯರ ಹೆಸರಿದೆ. ಈ ಹೆಂಗಸರಲ್ಲಿ ಒಬ್ಬರ ಹೆಸರೂ ಇಲ್ಲ.

ಈ ಕಾರ್ಖಾನೆಗಳ ವಿಷಯ ಬಂದಾಗ ನಮ್ಮೂರಿನಲ್ಲಿ ಎರಡು ಪಕ್ಷಗಳ ವಾದ ಕೇಳಿಬರುತ್ತದೆ. ಮಿಷನಿನವರು ನಮ್ಮ ನಾಡಿಗೆ ಉದ್ಯಮವನ್ನು ಕೊಟ್ಟ ಮಹೋಪಕಾರಿಗಳು ಎಂಬುದು ಒಂದು ಪಕ್ಷ. ಹಂಚು, ಬಟ್ಟೆ ಎಲ್ಲವೂ ಮತಪ್ರಚಾರದ ಬಲೆಯಷ್ಟೆ ಎಂಬುದು ಇನ್ನೊಂದು. ಎರಡು ಪಕ್ಷದವರೂ ಎಷ್ಟೇ ಜೋರಾಗಿ ಜಗಳವಾಡಲಿ, ಒಂದು ವಿಷಯದಲ್ಲಿ ಅವರಿಗೆ ಒಮ್ಮತವಿದೆ: ಇಬ್ಬರೂ ಮಾತಾಡುವುದು ಪಾದ್ರಿಗಳನ್ನು ಕುರಿತು. ಮಣ್ಣು ಹೊತ್ತವಳ ಮಾತನ್ನು ಇಬ್ಬರೂ ಕೇಳುವುದಿಲ್ಲ. ಅವಳ ಪಾಲಿಗೆ ಕಾರ್ಖಾನೆ ಎಂದರೇನಾಗಿತ್ತು? ಗದ್ದೆಯ ದುಡಿಮೆಯಲ್ಲಿ ಧಣಿಯ ಮರ್ಜಿಯಂತೆ ಅಳೆದುಕೊಟ್ಟ ಅಕ್ಕಿಗೆ ಬದಲಾಗಿ ಇಲ್ಲಿ ವಾರಕ್ಕೊಮ್ಮೆ ಎಣಿಸಿಕೊಟ್ಟ ನಾಣ್ಯ ಕೈಗೆ ಬಂದಾಗ ಮನೆಯಲ್ಲಿ ಅವಳ ಮಾತಿಗೆ ಬೆಲೆ ಹೆಚ್ಚಿತೆ? ಒಂದೇ ಚಪ್ಪರದ ಕೆಳಗೆ ನಾನಾ ಜಾತಿಯವರು ಒಂದೇ ಮಣ್ಣನ್ನು ಮುಟ್ಟಿದಾಗ, ಊಟದ ಹೊತ್ತಿಗೆ ಅವರು ಒಟ್ಟಿಗೆ ಕೂತರೆ, ಬೇರೆ ಬೇರೆ ಕೂತರೆ? ಒಲೆಯ ಝಳಕ್ಕೆ ಎಷ್ಟು ಮಂದಿಯ ಕಣ್ಣು ಹೋಯಿತು, ಎಷ್ಟು ಮಂದಿಯ ಎದೆ ಕೆಟ್ಟಿತು? ಮುಂದೆ ಕೂಲಿಕಾರರ ಸಂಘಗಳು ಕಟ್ಟಲ್ಪಟ್ಟಾಗ ನಮ್ಮ ಜಿಲ್ಲೆಯ ಕಾರ್ಮಿಕ ಚಳವಳಿಗೆ ಹಂಚಿನ ಕೆಲಸಗಾರರೂ ಬೀಡಿ ಕೆಲಸಗಾರರೂ ಆಧಾರವಾಗಿ ನಿಂತರು. ಆ ಸಭೆಗಳಿಗೆ ಅವಳು ಹೋಗಿದ್ದಳೆ? ಈ ಪ್ರಶ್ನೆಗಳಿಗೆ ಉತ್ತರ ಸಿಗುವವರೆಗೆ ಉಪಕಾರ, ಬಲೆ ಎಂಬ ವಾದಗಳೆರಡೂ ಅರ್ಧ ಸುಟ್ಟ ಹಂಚುಗಳೇ ಸರಿ. ಬಡಿದರೆ ಮಂಕಾಗಿ ಕೇಳುತ್ತವೆ.

ಒಡೆತನ ಬದಲಾದ ಕಥೆಯನ್ನೂ ಹಂಚಿನ ಬೆನ್ನೇ ಹೇಳುತ್ತದೆ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರಕಾರದ ಕಣ್ಣಿಗೆ ಶತ್ರುಪ್ರಜೆಗಳಾದರು. ಅವರನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳುಹಿಸಿದರು. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆ ಅವುಗಳನ್ನು ವಹಿಸಿಕೊಂಡಿತು. ಆದುದರಿಂದ ‘ಬಾಸೆಲ್ ಮಿಷನ್’ ಎಂದು ಅಚ್ಚಿರುವ ಹಂಚು ಆ ಬದಲಾವಣೆಗೆ ಹಿಂದಿನದು, ‘ಕಾಮನ್‌ವೆಲ್ತ್’ ಎಂದಿರುವುದು ಆಮೇಲಿನದು ಎಂದು ಸ್ಥೂಲವಾಗಿ ಗುರುತಿಸಬಹುದು. ಇಲ್ಲಿ ಒಂದು ಎಚ್ಚರಿಕೆಯ ಮಾತು. ಬಾಸೆಲ್ ಮಿಷನಿನ ಹಂಚಿನ ಮೇಲೆ 1865 ಎಂಬ ಇಸವಿಯನ್ನು ಕಂಡು ‘ನಮ್ಮ ಮನೆ 1865ರದು’ ಎಂದು ಹೆಮ್ಮೆಪಡುವವರುಂಟು. ಅದು ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಆ ಹಂಚು ಸುಟ್ಟ ವರ್ಷವಲ್ಲ. ಶಾಸನವನ್ನು ಓದಿದರೆ ಸಾಲದು, ಅರ್ಥವನ್ನೂ ತಿಳಿಯಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಯಾವುದು?

ಕಾರ್ಖಾನೆಗಳು ಯಾಕೆ ಮುಚ್ಚಿದುವು? ಕಾಂಕ್ರೀಟು ಬಂತು, ಹಂಚು ಹೋಯಿತು ಎಂದು ಒಂದೇ ಮಾತಿನಲ್ಲಿ ಮುಗಿಸುವುದು ರೂಢಿ. ಅದು ಕಾರಣಗಳಲ್ಲಿ ಒಂದು. ಹಂಚಿನ ಮಾಡಿಗೆ ಮರ ಬೇಕು. ಮರದ ಬೆಲೆ ಏರಿತು. ಒಲೆಗೆ ಕಟ್ಟಿಗೆ ಬೇಕು. ಕಾಡಿನ ಕಾನೂನುಗಳು ಬಿಗಿಯಾದುವು. ಜೇಡಿಮಣ್ಣು ಗದ್ದೆಯಿಂದಲೇ ಬರಬೇಕು. ಗದ್ದೆಗಳಲ್ಲಿ ಹಲವು ತೋಟವಾದುವು, ಹಲವು ನಿವೇಶನಗಳಾದುವು, ಉಳಿದಲ್ಲಿ ತೋಡುವುದಕ್ಕೆ ಪರವಾನಗಿ ಬೇಕಾಯಿತು. ಒಲೆಯ ಝಳದಲ್ಲಿ ದುಡಿಯುವುದಕ್ಕೆ ಮಕ್ಕಳನ್ನು ಕಳುಹಿಸಲು ತಂದೆತಾಯಂದಿರು ಒಪ್ಪಲಿಲ್ಲ. ಅವರನ್ನು ಯಾರು ತಾನೆ ದೂಷಿಸಬಲ್ಲರು? ಅವರು ದುಡಿದುದೇ ಮಕ್ಕಳು ಓದಲೆಂದು; ಆ ಮಕ್ಕಳ ಮಕ್ಕಳೇ ಇಂದು ಈ ಕಾಲೇಜಿನ ಬೆಂಚುಗಳ ಮೇಲೆ ಕುಳಿತಿದ್ದೇವೆ. ಎಲ್ಲಕ್ಕಿಂತ ವಿಚಿತ್ರವಾದ ಕಾರಣವೊಂದಿದೆ. ಒಳ್ಳೆಯ ಹಂಚು ನೂರು ವರ್ಷ ಬಾಳುತ್ತದೆ. ಒಂದು ಸಲ ಕೊಂಡವನು ಮತ್ತೆ ಅಂಗಡಿಗೆ ಬರುವುದಿಲ್ಲ. ಮನೆ ಕೆಡವಿದವನ ಹಳೆಯ ಹಂಚೇ ಹೊಸ ಹಂಚಿಗೆ ಪೈಪೋಟಿ ಕೊಡುತ್ತದೆ. ವಸ್ತು ತೀರ ಗಟ್ಟಿಯಾದುದೂ ವ್ಯಾಪಾರಕ್ಕೆ ಪೆಟ್ಟಾಯಿತು.

ಹಾಗೆಂದು ಕಾರ್ಖಾನೆಗಳು ಮುಚ್ಚಿದುದಕ್ಕೆ ಬರೇ ಕಣ್ಣೀರು ಸುರಿಸುವವರ ಗುಂಪಿಗೆ ನಾನು ಸೇರುವವನಲ್ಲ. ಒಲೆಗಳ ಹೊಟ್ಟೆ ತುಂಬಿಸಲು ಎಷ್ಟೋ ಕಾಡು ಬರಿದಾಯಿತು. ಮಣ್ಣು ತೆಗೆದ ಗದ್ದೆಗಳಲ್ಲಿ ನೀರು ನಿಂತು ಬೇಸಾಯ ಕೆಟ್ಟಿತು. ಇವೆಲ್ಲವೂ ಲೆಕ್ಕದಲ್ಲಿ ಸೇರಬೇಕು. ನನಗೆ ಸೇರದ ಇನ್ನೊಂದು ಸಂಗತಿ ಇತ್ತೀಚಿನ ಶೋಕಿ. ತಾರಸಿಯ ಮೇಲೆ ಅಲಂಕಾರಕ್ಕೆಂದು ಹಂಚು ಅಂಟಿಸುವುದು, ಹೋಟೆಲುಗಳ ಗೋಡೆಗೆ ಹಳೆಯ ಹಂಚಿನ ಅಚ್ಚುಗಳನ್ನು ತೂಗುಹಾಕುವುದು. ಅವರು ಹಂಚನ್ನು ಉಳಿಸಿದರು ನಿಜ, ಆದರೆ ಅದರ ಕಥೆಯನ್ನು ಕೇಳಲಿಲ್ಲ. ನೀರನ್ನು ತಡೆಯದ ಹಂಚು, ಹೆಸರು ಗೊತ್ತಿಲ್ಲದ ಅಜ್ಜನ ಭಾವಚಿತ್ರದ ಹಾಗೆ.

ಹಾಗಾದರೆ ನಾವು ಮಾಡಬೇಕಾದುದೇನು? ದೊಡ್ಡ ಹಣದ ಯೋಜನೆ ಯಾವುದನ್ನೂ ನಾನು ಸೂಚಿಸುವುದಿಲ್ಲ. ನಮ್ಮ ಚರಿತ್ರೆಯ ಸಂಘ, ಅರ್ಥಶಾಸ್ತ್ರದ ಸಂಘ, ಕನ್ನಡ ಸಂಘಗಳು ಸೇರಿ ಒಂದು ವರ್ಷದಲ್ಲಿ ಮಾಡಿ ಮುಗಿಸಬಹುದಾದ ನಾಲ್ಕು ಕೆಲಸಗಳನ್ನಷ್ಟೇ ಹೇಳುತ್ತೇನೆ.

ಮೊದಲನೆಯದಾಗಿ, ರಜೆಯಲ್ಲಿ ಊರಿಗೆ ಹೋದ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಗ್ರಾಮದ ಹಳೆಯ ಮನೆ, ಶಾಲೆ, ದೇವಸ್ಥಾನ, ಇಗರ್ಜಿ, ಮಸೀದಿಗಳ ಹಂಚಿನ ಅಚ್ಚನ್ನು ನೋಡಿ ಬರೆದುಕೊಂಡು ಬರಲಿ. ಕಟ್ಟಡ ಯಾವುದು, ಕಾರ್ಖಾನೆ ಯಾವುದು, ಚಿಹ್ನೆ ಯಾವುದು ಎಂಬ ಮೂರು ಸಂಗತಿಗಳಿದ್ದರೂ ಸಾಕು. ಯಾವ ಕಾರ್ಖಾನೆಯ ಹಂಚು ಎಷ್ಟು ದೂರ ಹೋಗಿತ್ತೆಂಬ ಭೂಪಟವೊಂದು ತಾನಾಗಿ ಸಿದ್ಧವಾಗುತ್ತದೆ.

ಎರಡನೆಯದಾಗಿ, ಹಂಚಿನ ಕೆಲಸ ಮಾಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಹಲವರು ನಮ್ಮ ಅಜ್ಜ ಅಜ್ಜಿಯಂದಿರೇ. ಅವರ ಬಳಿ ಕೂತು, ತುಳುವೋ ಕೊಂಕಣಿಯೋ ಬ್ಯಾರಿಯೋ ಕನ್ನಡವೋ ಅವರ ಮಾತಿನಲ್ಲಿಯೇ ಕೇಳಿ ಬರೆದುಕೊಳ್ಳಬೇಕು. ‘ನಾವೇ ಯಾಕೆ’ ಎಂದು ಆರಂಭದಲ್ಲಿ ಕೇಳಿದೆನಷ್ಟೆ? ಉತ್ತರ ಇಲ್ಲಿದೆ. ಮಿಷನಿನ ಕಾಗದಪತ್ರಗಳು ಬಾಸೆಲಿನ ಭಂಡಾರದಲ್ಲಿ ಭದ್ರವಾಗಿವೆ. ವಿದ್ವಾಂಸರು ಅಲ್ಲಿಗೆ ಹೋಗಿ ಓದಬಲ್ಲರು. ಆದರೆ ಮಣ್ಣು ಹೊತ್ತ ಅಜ್ಜಿಯ ನೆನಪು ಯಾವ ಭಂಡಾರದಲ್ಲಿಯೂ ಇಲ್ಲ. ಅದು ನಮ್ಮ ಮನೆಯ ಜಗಲಿಯಲ್ಲಿದೆ. ಹೆಚ್ಚು ಕಾಲ ಅಲ್ಲಿರುವುದಿಲ್ಲ.

ಮೂರನೆಯದಾಗಿ, ನಮ್ಮ ಗ್ರಂಥಾಲಯದ ಒಂದು ಮೂಲೆಯಲ್ಲಿ ಸಿಕ್ಕಿದ ಪ್ರತಿಯೊಂದು ಕಾರ್ಖಾನೆಯ ಒಂದೊಂದು ಹಂಚನ್ನು ಇಡಬೇಕು. ಕೆಡವುವ ಮನೆಗಳವರು ಒಂದು ಹಂಚು ಕೊಡಲು ಹಿಂದೆಗೆಯಲಾರರು. ಪ್ರತಿಯೊಂದರ ಪಕ್ಕದಲ್ಲಿಯೂ ಅದನ್ನು ಮಾಡಿದವರಲ್ಲಿ ಒಬ್ಬರ ಹೆಸರನ್ನಾದರೂ, ಅವರ ಒಪ್ಪಿಗೆ ಪಡೆದು, ಬರೆದಿಡಬೇಕು. ನೂರೈವತ್ತು ವರ್ಷ ಒಡೆಯರ ಹೆಸರನ್ನು ಹೊತ್ತ ಹಂಚು ಇನ್ನು ಮೇಲೆ ಕೆಲಸಗಾರರ ಹೆಸರನ್ನೂ ಹೊರಲಿ.

ನಾಲ್ಕನೆಯದಾಗಿ, ಉಳಿದಿರುವ ಹೊಗೆಕೊಳವೆಗಳಲ್ಲಿ ಒಂದನ್ನಾದರೂ ಕೆಡವದೆ ಉಳಿಸಬೇಕೆಂದು ನಗರಪಾಲಿಕೆಗೆ ಮನವಿಯೊಂದನ್ನು ಸಲ್ಲಿಸಬೇಕು. ಸಂಘಗಳ ಸಹಿ ಇರಲಿ, ಉಪನ್ಯಾಸಕರ ಬೆಂಬಲವಿರಲಿ. ಮನವಿಗೆ ಉತ್ತರ ಬಾರದಿದ್ದರೆ ಮರುವರ್ಷ ಇನ್ನೊಂದು ಮನವಿ.

ಇದರಿಂದ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆಯೆ ಎಂದು ಕೆಲವು ಸ್ನೇಹಿತರು ಕೇಳಿಯಾರು. ಸಿಗಲಿಕ್ಕಿಲ್ಲ. ಆದರೆ 1974ರ ಭೂಸುಧಾರಣೆಯನ್ನು ಕುರಿತು ಪುಟಗಟ್ಟಲೆ ಬಾಯಿಪಾಠ ಮಾಡುವ ನಾವು, ಉಳುವವನು ಒಡೆಯನಾದ ಮೇಲೆ ನಮ್ಮ ಗ್ರಾಮದಲ್ಲಿ ಎಷ್ಟು ಮುಳಿಮನೆಗಳು ಹಂಚಿನ ಮನೆಗಳಾದುವು ಎಂದು ಒಮ್ಮೆ ಎಣಿಸಿ ನೋಡಿದರೆ ಆ ಪಾಠ ಬೇರೆಯೇ ರೀತಿಯಲ್ಲಿ ಅರ್ಥವಾಗುತ್ತದೆ. ಪಠ್ಯಪುಸ್ತಕದ ಚರಿತ್ರೆಯನ್ನು ಇತರರು ಬರೆದು ನಮಗೆ ಕೊಟ್ಟಿದ್ದಾರೆ. ನಾವೂ ಮುಂದಿನವರಿಗೆ ಒಂದಿಷ್ಟು ಬರೆದು ಕೊಡಬೇಡವೆ?

ನಮ್ಮ ಹಿರಿಯರು ಮಣ್ಣು ತುಳಿದು, ಬೆಂಕಿಯೆದುರು ನಿಂತು ನಮ್ಮ ತಲೆಯ ಮೇಲೊಂದು ಮಾಡನ್ನು ಕಟ್ಟಿಕೊಟ್ಟರು. ಪ್ರತಿಯಾಗಿ ಅವರು ಕೇಳುತ್ತಿರುವುದು ಒಂದು ಲೇಖನಿ ಮತ್ತು ರಜೆಯ ನಾಲ್ಕು ದಿನ. ಈ ಸಂಚಿಕೆಯನ್ನು ಓದುತ್ತಿರುವ ಗುರುಜನರೂ ಸಹಪಾಠಿಗಳೂ ಈ ಮಾತನ್ನು ಆಲೋಚಿಸುವರೆಂದು ನಂಬಿದ್ದೇನೆ. ಮುಂದಿನ ವರ್ಷದ ಸಂಚಿಕೆಯಲ್ಲಿ ಇದೇ ವಿಷಯದ ಮೇಲೆ ಅಭಿಪ್ರಾಯದ ಬದಲು ಸಂಗ್ರಹಿಸಿದ ವಿವರಗಳು ಅಚ್ಚಾಗಲಿ.